ಆಮ್ಲಜನಕಯುಕ್ತ ಜಲದ ಶೋಧಕ ಲೂಯಿ ಜಾಕ್ ತೆನಾರ್

ಮೊರಬದ ಎರೆಹೊಲದಲ್ಲಿ ಜೋಳ ಕೊಯ್ಯುವಾಗ ಕುಡಗೋಲು ತಾಗಿ ಕೈಗೆ ಗಾಯ ಮಾಡಿಕೊಂಡವನು ದವಾಖಾನೆಗೆ ಹೋದರೆ, ಅಲ್ಲಿ ನೀರಿನಂತೆಯೇ ತಿಳಿಯಾದ ಒಂದು ದ್ರವವನ್ನು ಗಾಯದ ಮೇಲೆ ಸುರಿಯುವ ವಾಡಿಕೆ ಬಹುಕಾಲ ಇದ್ದಿತು. ಸುರಿದ ಕ್ಷಣವೇ ಗಾಯದ ತುಂಬ ಬೆಳ್ಳನೆಯ ನೊರೆ ಉಕ್ಕುತ್ತಿತ್ತು. ಹೊಸ ಚರ್ಮಕ್ಕೆ ಅದರಿಂದ ಬಾಧೆಯುಂಟಾಗುವುದೆಂದು ತಿಳಿದ ಮೇಲೆ ವೈದ್ಯರು ಅದರ ಬಳಕೆಯನ್ನು ತಗ್ಗಿಸಿದ್ದಾರೆ. ಆದರೆ ಆ ನೊರೆಯನ್ನು ಕಂಡು ಬೆರಗಾದ ಬಾಲಕರು ಹಳ್ಳಿಹಳ್ಳಿಗಳಲ್ಲಿಯೂ ಇರುವರು. ಆ ದ್ರವವೇ ಹೈಡ್ರೋಜನ್ ಪೆರಾಕ್ಸೈಡ್. ನೀರಿನ ಒಂದು ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳೂ ಒಂದು ಆಮ್ಲಜನಕ ಪರಮಾಣುವೂ ಇದ್ದರೆ, ಇದರಲ್ಲಿ ಆಮ್ಲಜನಕದ ಪರಮಾಣುಗಳು ಎರಡು. ಹೆಚ್ಚಿನದಾದ ಆ ಒಂದು ಪರಮಾಣುವನ್ನು ಬಿಟ್ಟುಕೊಟ್ಟು ಮತ್ತೆ ನೀರಾಗಬೇಕೆಂಬುದೇ ಈ ದ್ರವದ ಸ್ವಭಾವ. ರಕ್ತದಲ್ಲಿರುವ, ಕಬ್ಬಿಣವನ್ನೊಳಗೊಂಡ ಒಂದು ಕಿಣ್ವವು ಆ ಬಿಡುಗಡೆಯನ್ನು ತ್ವರೆಗೊಳಿಸುವುದರಿಂದ ನೊರೆ ಉಕ್ಕುತ್ತದೆ. ಈ ದ್ರವವನ್ನು ಮೊತ್ತಮೊದಲು ತಯಾರಿಸಿದವನೂ, ಲೋಹಗಳ ಸ್ಪರ್ಶಮಾತ್ರದಿಂದ ಅದು ಒಡೆಯುವುದೆಂಬುದನ್ನು ಕಂಡವನೂ ಫ್ರಾನ್ಸ್ ದೇಶದ ಒಬ್ಬ ಬಡ ರೈತನ ಮಗ. ಆತನ ಹೆಸರು ಲೂಯಿ ಜಾಕ್ ತೆನಾರ್.

ತೆನಾರ್‌ನು 1777ನೆಯ ಇಸವಿಯ ಮೇ 4ರಂದು ಷಾಂಪೇನ್ ಪ್ರಾಂತದ ಲಾ ಲೂಪ್ತಿಯೇರ್ ಎಂಬ ಚಿಕ್ಕ ಹಳ್ಳಿಯಲ್ಲಿ ಹುಟ್ಟಿದನು. ಮನೆಯಲ್ಲಿ ಮಕ್ಕಳು ಬಹಳ, ಆದಾಯ ಸ್ವಲ್ಪ. ಆದರೂ ತಂದೆತಾಯಿಗಳು ಈ ಹುಡುಗನ ಚುರುಕುತನವನ್ನು ಕಂಡು ಹೇಗೋ ಹೊಂದಿಸಿ ಅವನನ್ನು ಸಮೀಪದ ಸಾಂಸ್ ಪಟ್ಟಣದಲ್ಲಿ ಓದಿಸಿದರು. ಆತನಿಗೆ ಹನ್ನೆರಡು ವರ್ಷವಾದಾಗ, ಅಂದರೆ 1789ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಆ ಕಲ್ಲೋಲದಲ್ಲಿಯೇ 1794ರ ಮೇ ತಿಂಗಳಿನಲ್ಲಿ ಆಧುನಿಕ ರಸಾಯನಶಾಸ್ತ್ರದ ಪಿತನೆನಿಸಿದ ಲಾವಾಸಿಯೇ ಗಿಲೊಟೀನಿಗೆ ಬಲಿಯಾದನು. ಆಮ್ಲಜನಕಕ್ಕೆ ಆ ಹೆಸರನ್ನು ಕೊಟ್ಟವನು ಹೋದ ಕಾಲಕ್ಕೇ, ಆಮ್ಲಜನಕವನ್ನು ನೀರಿನಲ್ಲಿ ಎರಡು ಮಡಿಯಾಗಿ ತುಂಬಲಿದ್ದವನು ಹದಿನೇಳರ ಪ್ರಾಯದಲ್ಲಿ ಔಷಧಶಾಸ್ತ್ರವನ್ನು ಕಲಿಯಬೇಕೆಂದು ಪ್ಯಾರಿಸ್ ನಗರಕ್ಕೆ ಬಂದನು.

ಪ್ಯಾರಿಸಿನಲ್ಲಿ ಆತನ ಬದುಕು ಅತ್ಯಂತ ಕಷ್ಟದ್ದಾಗಿತ್ತು. ಊರಿನ ಗೆಳೆಯರಿಬ್ಬರೊಡನೆ ಒಂದು ಇಕ್ಕಟ್ಟಾದ ಕೋಣೆಯಲ್ಲಿ ವಾಸ. ದಿನದ ಖರ್ಚಿಗೆ ಕೆಲವೇ ಬಿಡಿಕಾಸುಗಳು. ಫೂರ್ಕ್ರುವಾ ಮತ್ತು ವೋಕ್ಲಾ ಎಂಬಿಬ್ಬರು ಹೆಸರಾಂತ ಆಚಾರ್ಯರ ಉಪನ್ಯಾಸಗಳನ್ನು ಆತನು ತಪ್ಪದೆ ಕೇಳುತ್ತಿದ್ದನು. ಆದರೆ ರಸಾಯನಶಾಸ್ತ್ರವು ಕೇವಲ ಶ್ರವಣದಿಂದ ಬರುವ ವಿದ್ಯೆಯಲ್ಲ. ಕೈ ಮುಟ್ಟಿ ಮಾಡಿದ ಹೊರತು ಅದು ಒಲಿಯದು. ವೋಕ್ಲಾನು ತನ್ನ ಪ್ರಯೋಗಶಾಲೆಗೆ ಕೆಲವರು ಶಿಷ್ಯರನ್ನು ಸೇರಿಸಿಕೊಳ್ಳುತ್ತಿದ್ದನು. ತಿಂಗಳಿಗೆ ಇಂತಿಷ್ಟು ಶುಲ್ಕ. ಅದನ್ನು ತೆರುವ ಶಕ್ತಿ ತೆನಾರ್‌ನಿಗೆ ಇರಲಿಲ್ಲ. ಆತನು ಧೈರ್ಯ ತಂದುಕೊಂಡು ಗುರುವಿನ ಮನೆಗೆ ಹೋಗಿ ತನ್ನ ಸ್ಥಿತಿಯನ್ನು ನಿವೇದಿಸಿದನು. ವೋಕ್ಲಾನು ಒಪ್ಪುವ ಲಕ್ಷಣ ಕಾಣಲಿಲ್ಲ. ಆಗ ಗುರುವಿನ ಮನೆಯನ್ನು ನೋಡಿಕೊಳ್ಳುತ್ತಿದ್ದ ಆತನ ಸಹೋದರಿಯರು ನಡುವೆ ಬಂದರು. ಹುಡುಗ ಸೌಮ್ಯನಾಗಿ ಕಾಣುತ್ತಾನೆ, ಪ್ರಯೋಗಶಾಲೆಗಷ್ಟೇ ಅಲ್ಲ, ಒಲೆಯ ಮೇಲಿನ ಸಾರು ಹೊತ್ತದಂತೆ ನೋಡಿಕೊಳ್ಳುವುದಕ್ಕೂ ಆದಾನು ಎಂಬುದು ಅವರ ವಾದವಾಗಿತ್ತು. ವೋಕ್ಲಾನು ಸಮ್ಮತಿಸಿದನು. ಹೀಗೆ ಮುಂದೆ ಯುರೋಪಿನಾದ್ಯಂತ ಹೆಸರಾದ ರಸಾಯನಜ್ಞನ ವ್ಯಾಸಂಗವು ಅಡುಗೆಯ ಪಾತ್ರೆಯ ಕಾವಲಿನಿಂದ ಮೊದಲಾಯಿತು. ಗಾಜಿನ ಸಾಮಾನು ತೊಳೆಯುವುದು, ಕುಲುಮೆಯ ಬೆಂಕಿಯನ್ನು ಹದಗೊಳಿಸುವುದು, ಹೇಳಿದ ಕೆಲಸವನ್ನು ಇಲ್ಲವೆನ್ನದೆ ಮಾಡುವುದು, ಇವೇ ಆತನು ತೆತ್ತ ಗುರುದಕ್ಷಿಣೆ. ಗುರುಗೃಹದಲ್ಲಿ ಊಳಿಗ ಮಾಡಿ ವಿದ್ಯೆ ಪಡೆದವರ ಕಥೆಗಳನ್ನು ಬಲ್ಲ ನಮ್ಮ ನಾಡಿನವರಿಗೆ ಇದರಲ್ಲಿ ಹೊಸತೇನೂ ತೋರಲಾರದು. ವೋಕ್ಲಾನು ಸಹ ನಾರ್ಮಂಡಿಯ ಬಡ ರೈತನ ಮಗನೇ ಆಗಿದ್ದನೆಂಬುದನ್ನು ಮಾತ್ರ ಇಲ್ಲಿ ನೆನೆಯಬೇಕು.

ಗುರುವಿನ ಕೃಪೆ ಅಲ್ಲಿಗೆ ನಿಲ್ಲಲಿಲ್ಲ. 1797ರಲ್ಲಿ ಒಂದು ವಸತಿಶಾಲೆಯಲ್ಲಿ ಪಾಠ ಹೇಳುವ ಕೆಲಸವನ್ನೂ, ಮರುವರ್ಷ ಪ್ರಸಿದ್ಧವಾದ ಇಕೋಲ್ ಪೊಲಿಟೆಕ್ನಿಕ್ ವಿದ್ಯಾಲಯದಲ್ಲಿ ಸಹಾಯಕ ಬೋಧಕನ ಸ್ಥಾನವನ್ನೂ ವೋಕ್ಲಾನೇ ದೊರಕಿಸಿದನು. 1804ರಲ್ಲಿ ಕೊಲೆಜ್ ದ ಫ್ರಾನ್ಸಿನಲ್ಲಿದ್ದ ತನ್ನ ಪ್ರಾಧ್ಯಾಪಕ ಪೀಠವನ್ನೇ ಶಿಷ್ಯನಿಗಾಗಿ ತೆರವು ಮಾಡಿದನು. ಇಪ್ಪತ್ತೇಳರ ಯುವಕನಿಗೆ ಇಂಥ ಪೀಠ ದೊರೆಯುವುದು ಅಂದಿಗೂ ಅಪರೂಪ, ಇಂದಿಗೂ ಅಪರೂಪ. ಗುರುವು ಸ್ವತಃ ಎದ್ದು ನಿಂತು ಅದನ್ನು ಬಿಟ್ಟುಕೊಡುವುದು ಇನ್ನೂ ಅಪರೂಪ.

ಇಷ್ಟರಲ್ಲಿಯೇ ತೆನಾರ್‌ನ ಹೆಸರು ಮತ್ತೊಂದು ಕಾರಣದಿಂದ ಜನರ ಬಾಯಲ್ಲಿ ನಿಂತಿತ್ತು. ಚಿತ್ರಕಾರರು ಬಳಸುತ್ತಿದ್ದ ಉತ್ತಮ ನೀಲಿ ಬಣ್ಣವನ್ನು ದೂರದ ಅಫಘಾನಿಸ್ತಾನದಿಂದ ಬರುವ ರಾಜಾವರ್ತವೆಂಬ ಕಲ್ಲಿನಿಂದ ತಯಾರಿಸಬೇಕಾಗಿತ್ತು. ಅದರ ಬೆಲೆ ಮಿತಿಮೀರಿತ್ತು. ಸ್ವತಃ ರಸಾಯನಜ್ಞನಾಗಿದ್ದ ಮಂತ್ರಿ ಷಪ್ತಾಲನು ಇದಕ್ಕೊಂದು ಪ್ರತಿಯನ್ನು ಹುಡುಕಬೇಕೆಂದು ತೆನಾರ್‌ನಿಗೆ ಆಜ್ಞಾಪಿಸಿದನು. ಕೋಬಾಲ್ಟ್ ಲೋಹದ ಲವಣವನ್ನು ಅಲ್ಯುಮಿನದೊಡನೆ ಬೆರೆಸಿ ಕಾಯಿಸಿ, ಎಂಥ ಬೆಂಕಿಗೂ ಬಿಸಿಲಿಗೂ ಮಾಸದ ನೀಲಿಯನ್ನು ಆತನು 1802ರ ಸುಮಾರಿಗೆ ಸಿದ್ಧಪಡಿಸಿದನು. ಅದಕ್ಕೆ ಇಂದಿಗೂ ತೆನಾರ್ ನೀಲಿ ಎಂಬ ಹೆಸರುಂಟು.

ಗೇಲುಸಾಕ್‌ನೊಡನೆ ಆತನು ನಡೆಸಿದ ಕೂಡುಕೆಲಸವು ವಿಜ್ಞಾನದ ಚರಿತ್ರೆಯಲ್ಲಿ ಗೆಳೆತನಕ್ಕೊಂದು ಮಾದರಿ. ಇಂಗ್ಲಂಡಿನ ಡೇವಿಯು 1807ರಲ್ಲಿ ವಿದ್ಯುತ್ತಿನ ಸಹಾಯದಿಂದ ಪೊಟ್ಯಾಸಿಯಂ ಲೋಹವನ್ನು ಗುಂಜಿಯಷ್ಟು ಪ್ರಮಾಣದಲ್ಲಿ ಬೇರ್ಪಡಿಸಿದ್ದನು. ಈ ಮಿತ್ರರು 1808ರಲ್ಲಿ ಕೆಂಪಗೆ ಕಾದ ಕಬ್ಬಿಣದ ಮೇಲೆ ಪೊಟ್ಯಾಷನ್ನು ಹಾಯಿಸಿ ಅದೇ ಲೋಹವನ್ನು ಯಥೇಷ್ಟವಾಗಿ ಪಡೆದರು. ಅದರ ಬಲದಿಂದ ಅದೇ ವರ್ಷ ಬೋರಾನ್ ಎಂಬ ಹೊಸ ಮೂಲವಸ್ತುವನ್ನು ಬೇರ್ಪಡಿಸಿದರು. ಈ ಕೆಲಸದ ನಡುವೆ ಸಂಭವಿಸಿದ ಒಂದು ಸ್ಫೋಟದಲ್ಲಿ ಗೇಲುಸಾಕ್‌ನು ಕೆಲಕಾಲ ಕಣ್ಣು ಕಾಣದವನಾದನು. ಅವರಿಗೆ ಒಂದು ದೊಡ್ಡ ಅವಕಾಶವು ಕೈತಪ್ಪಿದುದೂ ಉಂಟು. ಇಂದು ಕ್ಲೋರಿನ್ ಎನ್ನುವ ಅನಿಲದಲ್ಲಿ ಆಮ್ಲಜನಕವಿದೆಯೆಂದು ಅಂದು ಎಲ್ಲರೂ ನಂಬಿದ್ದರು. ಎಷ್ಟು ಪ್ರಯತ್ನಪಟ್ಟರೂ ಅದರಿಂದ ಆಮ್ಲಜನಕ ಬರಲಿಲ್ಲ. ಅದು ಮೂಲವಸ್ತುವೇ ಇರಬಹುದೆಂದು ಮಿತ್ರರಿಬ್ಬರೂ 1809ರಲ್ಲಿ ಸೂಚಿಸಿದರು, ಆದರೆ ಹಿರಿಯನಾದ ಬೆರ್ತೊಲೆಯ ಅಭಿಪ್ರಾಯಕ್ಕೆ ಮಣಿದು ಆ ಮಾತನ್ನು ದೃಢವಾಗಿ ಹೇಳದೆ ಬಿಟ್ಟರು. ಮರುವರ್ಷ ಡೇವಿಯು ಅದನ್ನೇ ನಿಸ್ಸಂದೇಹವಾಗಿ ಸಾರಿ ಕೀರ್ತಿಯನ್ನು ಪಡೆದನು. ಹಿರಿಯರಲ್ಲಿ ಗೌರವವಿರಬೇಕಾದುದೇ; ಆದರೆ ಕಣ್ಣಾರೆ ಕಂಡುದನ್ನು ಅರ್ಧ ದನಿಯಲ್ಲಿ ಹೇಳಿದುದರ ನಷ್ಟವು ಅವರಿಗೇ ತಟ್ಟಿತು.

1810ರಲ್ಲಿ ಫೂರ್ಕ್ರುವಾನ ನಿಧನದಿಂದ ತೆರವಾದ ಸ್ಥಾನಕ್ಕೆ ತೆನಾರ್‌ನು ವಿಜ್ಞಾನ ಅಕಾಡೆಮಿಯ ಸದಸ್ಯನಾಗಿ ಆಯ್ಕೆಯಾದನು. 1813ರಿಂದ ನಾಲ್ಕು ಸಂಪುಟಗಳಲ್ಲಿ ಹೊರಬಂದ ಆತನ ರಸಾಯನಶಾಸ್ತ್ರದ ಪಠ್ಯಗ್ರಂಥವು ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ಆಧಾರವಾಯಿತು. ಮರುವರ್ಷ ಆತನ ವಿವಾಹವಾಯಿತು. ಪತ್ನಿಯು ಪೆನ್ಸಿಲಿನ ನಿರ್ಮಾಪಕನೆಂದು ಹೆಸರಾದ ಕೋಂತೆಯ ಮೊಮ್ಮಗಳು.

ಇನ್ನು 1818ರ ಮಹಾಶೋಧ. ಬೇರಿಯಂ ಎಂಬ ಲೋಹದ ಭಸ್ಮವನ್ನು ಗಾಳಿಯಲ್ಲಿ ಹದವಾಗಿ ಕಾಯಿಸಿದರೆ ಅದು ಇನ್ನಷ್ಟು ಆಮ್ಲಜನಕವನ್ನು ಹೀರಿ ಪೆರಾಕ್ಸೈಡ್ ಆಗುತ್ತದೆಂಬುದು ಮಿತ್ರರಿಗೆ ಮೊದಲೇ ಗೊತ್ತಿತ್ತು. ಈ ಪೆರಾಕ್ಸೈಡನ್ನು ತಣ್ಣನೆಯ ಆಮ್ಲದಲ್ಲಿ ಕರಗಿಸಿದರೆ ಏನಾಗುವುದೆಂದು ತೆನಾರ್‌ನು ನೋಡತೊಡಗಿದನು. ಅನಿಲವೇನೂ ಹೊರಬರಲಿಲ್ಲ, ಹಾಗಾದರೆ ಹೆಚ್ಚಿನ ಆಮ್ಲಜನಕವು ಎಲ್ಲಿ ಅಡಗಿತು? ಆಮ್ಲವೇ ಅದನ್ನು ಹಿಡಿದುಕೊಂಡಿದೆ, ಹೊಸ ಬಗೆಯ ಆಮ್ಲಗಳು ದೊರೆತಿವೆಯೆಂದು ಆತನು ಮೊದಲು ಭಾವಿಸಿದನು. ಹಾಗೆಂದು ಪ್ರಕಟಿಸಿಯೂ ಬಿಟ್ಟನು. ಆದರೆ ಆಮ್ಲವನ್ನು ಪೂರ್ತಿಯಾಗಿ ತೆಗೆದುಹಾಕಿದರೂ ಆಮ್ಲಜನಕವು ದ್ರವದಲ್ಲಿಯೇ ಉಳಿದುದನ್ನು ಕಂಡು, ಅದನ್ನು ಹಿಡಿದಿಟ್ಟುಕೊಂಡುದು ನೀರೇ ಎಂದು ನಿಶ್ಚಯಿಸಿದನು. ಕೆಲವೇ ತಿಂಗಳ ಹಿಂದೆ ತಾನು ಆಡಿದ ಮಾತನ್ನು ತಾನೇ ತಿದ್ದಿಕೊಳ್ಳಲು ಆತನು ನಾಚಲಿಲ್ಲ. ಹೊಸ ದ್ರವಕ್ಕೆ ಆಮ್ಲಜನಕಯುಕ್ತ ಜಲವೆಂಬ ಅರ್ಥದ ಹೆಸರನ್ನಿಟ್ಟನು.

ಅದನ್ನು ಶುದ್ಧಗೊಳಿಸಿದ ಬಗೆಯಲ್ಲಿ ಆತನ ಕೈಚಳಕವು ಎದ್ದುಕಾಣುತ್ತದೆ. ಮಂಜಿನಗಡ್ಡೆಯ ನಡುವೆ ಪಾತ್ರೆಯನ್ನಿಟ್ಟು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪೆರಾಕ್ಸೈಡಿನ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಕರಗಿಸುವುದು. ಗಂಧಕಾಮ್ಲವನ್ನು ಹನಿಸಿ ಬೇರಿಯಂ ಅನ್ನು ಗಸಿಯಾಗಿ ಇಳಿಸುವುದು. ಆಗ ಹೈಡ್ರೋಕ್ಲೋರಿಕ್ ಆಮ್ಲವು ಮತ್ತೆ ಹುಟ್ಟುವುದರಿಂದ ಅದೇ ದ್ರವದಲ್ಲಿ ಮತ್ತಷ್ಟು ಪುಡಿಯನ್ನು ಕರಗಿಸುವುದು. ಹೀಗೆ ಹಲವು ಸಲ ಮಾಡಿ, ಕೊನೆಗೆ ಬೆಳ್ಳಿಯ ಲವಣದಿಂದ ಕ್ಲೋರಿನ್ನಿನ ಅಂಶವನ್ನೂ, ಬೇರಿಯಂ ಭಸ್ಮದಿಂದ ಗಂಧಕಾಮ್ಲದ ಅಂಶವನ್ನೂ ತೆಗೆಯುವುದು. ಉಳಿದ ತಿಳಿದ್ರವವನ್ನು ಕಾಯಿಸುವಂತಿಲ್ಲ, ಕಾಯಿಸಿದರೆ ಒಡೆಯುತ್ತದೆ. ಆದುದರಿಂದ ಗಾಳಿಯನ್ನು ಹೊರತೆಗೆದ ಗಂಟೆಗಾಜಿನೊಳಗೆ, ನೀರನ್ನು ಹೀರುವ ಗಂಧಕಾಮ್ಲದ ಬಟ್ಟಲಿನ ಪಕ್ಕದಲ್ಲಿ ಅದನ್ನಿಟ್ಟನು. ನೀರು ಮೊದಲು ಆವಿಯಾಗಿ ಹೋಯಿತು. ಉಳಿದುದು ಎಣ್ಣೆಯಂತೆ ಮಂದವಾದ, ಬಣ್ಣವಿಲ್ಲದ ದ್ರವ. ಅದರ ಸಾಂದ್ರತೆ 1.452 ಎಂದು ಆತನು ಅಳೆದನು. ಇಂದಿನ ಸೂಕ್ಷ್ಮ ಉಪಕರಣಗಳು ಹೇಳುವ ಅಂಕಿಯೂ ಇದಕ್ಕೆ ತೀರ ಹತ್ತಿರವೇ. ಒಂದು ಅಳತೆಯ ದ್ರವವು ತನ್ನ 475 ಪಟ್ಟು ಆಮ್ಲಜನಕ ಅನಿಲವನ್ನು ಬಿಡುವುದೆಂದೂ ಆತನು ಲೆಕ್ಕ ಹಾಕಿದನು. ಈ ಅಂಕಿಯಿಂದಲೇ ಆತನ ದ್ರವವು ಬಹುಮಟ್ಟಿಗೆ ಶುದ್ಧವಾಗಿತ್ತೆಂದು ತಿಳಿಯುತ್ತದೆ. ಅದು ಚರ್ಮಕ್ಕೆ ತಾಗಿದರೆ ಚುರುಗುಟ್ಟಿ ಬಿಳಿಯ ಕಲೆಯಾಗುತ್ತಿತ್ತು. ಹಳೆಯ ಚಿತ್ರಗಳಲ್ಲಿ ಕಪ್ಪಾಗಿಹೋದ ಸೀಸದ ಬಿಳಿಬಣ್ಣವನ್ನು ಅದು ಮತ್ತೆ ಬಿಳಿದಾಗಿಸುತ್ತಿತ್ತು.

ಆದರೆ ತೆನಾರ್‌ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದುದು ಬೇರೊಂದು ಸಂಗತಿ. ಈ ದ್ರವದಲ್ಲಿ ನುಣ್ಣಗೆ ಪುಡಿಮಾಡಿದ ಬೆಳ್ಳಿಯನ್ನೋ, ಪ್ಲಾಟಿನಂ ಅಥವಾ ಬಂಗಾರವನ್ನೋ ಹಾಕಿದರೆ ಅದು ಭೋರೆಂದು ಕುದಿದು ಆಮ್ಲಜನಕವನ್ನು ಬಿಡುತ್ತಿತ್ತು. ಮ್ಯಾಂಗನೀಸ್ ಭಸ್ಮವೂ ಹಾಗೆಯೇ. ಕೊನೆಯಲ್ಲಿ ಲೋಹವನ್ನು ತೆಗೆದು ತೂಗಿದರೆ ಅದು ಹಾಕಿದಷ್ಟೇ ಇರುತ್ತಿತ್ತು. ಬೆಳ್ಳಿಯ ಭಸ್ಮವನ್ನು ಹಾಕಿದಾಗಲಂತೂ ಸಿಡಿದೇಳುತ್ತಿತ್ತು. ಭಸ್ಮವು ತನ್ನ ಆಮ್ಲಜನಕವನ್ನೂ ಕಳೆದುಕೊಂಡು ಬರಿಯ ಬೆಳ್ಳಿಯಾಗುತ್ತಿತ್ತು. ರಕ್ತದಿಂದ ತೆಗೆದ ನಾರಿನಂಥ ಪದಾರ್ಥವೂ ಈ ದ್ರವವನ್ನು ಒಡೆಯುವುದನ್ನು ಕಂಡು ಆತನಿಗೆ ಅತ್ಯಾಶ್ಚರ್ಯವಾಯಿತು. ಲೋಹವೂ ಜೀವದೇಹದ ವಸ್ತುವೂ ಒಂದೇ ಕೆಲಸ ಮಾಡುವುದಾದರೆ, ದೇಹದೊಳಗೆ ನಡೆಯುವ ಕ್ರಿಯೆಗಳಿಗೂ ಇಂಥದೇ ಕಾರಣವಿರಬಹುದಲ್ಲವೇ ಎಂದು ಆತನು ತರ್ಕಿಸಿದನು. ಕಾರಣವು ವಿದ್ಯುತ್ತಿಗೆ ಸಂಬಂಧಪಟ್ಟುದಿರಬಹುದೆಂದು ಊಹಿಸಿದನು. ಆ ಊಹೆ ನಿಲ್ಲಲಿಲ್ಲ. ಆದರೆ ಆತನು ಬರೆದಿಟ್ಟ ಸಂಗತಿಗಳು ನಿಂತವು. ತಾನು ವ್ಯಯವಾಗದೆ ಮತ್ತೊಂದರ ಕ್ರಿಯೆಯನ್ನು ಪ್ರಚೋದಿಸುವ ಈ ಗುಣಕ್ಕೆ ಸ್ವೀಡನ್ನಿನ ಬರ್ಸೀಲಿಯಸ್‌ನು 1835–36ರ ಸುಮಾರಿಗೆ ಕೆಟಾಲಿಸಿಸ್ ಎಂಬ ಹೆಸರನ್ನು ಕೊಟ್ಟಾಗ ತೆನಾರ್‌ನ ಪ್ರಯೋಗಗಳೂ ಆತನ ಕಣ್ಣಮುಂದಿದ್ದವು. ಕನ್ನಡದ ಪುಸ್ತಕಗಳು ಅಂಥ ವಸ್ತುವನ್ನು ವೇಗವರ್ಧಕವೆನ್ನುತ್ತವೆ.

ಮದ್ಯಸಾರದ ವಿಷಯದಲ್ಲಿಯೂ ತೆನಾರ್‌ನು ದುಡಿದವನೇ. ದ್ರಾಕ್ಷಾರಸವು ಹುಳಿಯುವಾಗ ಕೂಡಿಕೊಳ್ಳುವ ಕಿಣ್ವವು ಪ್ರಾಣಿಪದಾರ್ಥದಂತೆ ಸಾರಜನಕವುಳ್ಳದ್ದೆಂದು 1803ರಲ್ಲಿಯೇ ತೋರಿಸಿದನು. ಆಮ್ಲಗಳೊಡನೆ ಮದ್ಯಸಾರವು ಸೇರಿ ಆಗುವ ಸುವಾಸನೆಯ ದ್ರವಗಳನ್ನು 1807ರ ಸುಮಾರಿಗೆ ಪರೀಕ್ಷಿಸಿದನು. ಒಂದು ಕಡೆ ಮದ್ಯಸಾರ, ಒಂದು ಕಡೆ ಆಮ್ಲಜನಕಯುಕ್ತ ಜಲ, ನಡುವೆ ಲೋಹ. ಈ ಮೂರನ್ನೂ ಬಲ್ಲವನು ಅವುಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸುವ ಕೆಲಸವನ್ನು ಮುಂದಿನವರಿಗೆ ಬಿಟ್ಟುಹೋದನು.

ಅಧ್ಯಾಪಕನಾಗಿ ತೆನಾರ್‌ನು ಅದ್ವಿತೀಯನಾಗಿದ್ದನು. ಆತನ ಉಪನ್ಯಾಸಕ್ಕೆ ಸ್ಥಳ ಸಾಲುತ್ತಿರಲಿಲ್ಲ. ಜರ್ಮನಿಯಿಂದ ಬಂದ ತರುಣ ಲೀಬಿಗ್‌ನು 1822ರಿಂದ ಎರಡು ವರ್ಷ ಪ್ಯಾರಿಸಿನಲ್ಲಿದ್ದಾಗ ಅಲ್ಲಿಯೇ ಕುಳಿತು ಕೇಳಿದನು. ಪಾಠ ಹೇಳುತ್ತಿದ್ದಾಗ ನಡೆದ ಒಂದು ಘಟನೆಯನ್ನು ಆತನ ಚರಿತ್ರಕಾರರೆಲ್ಲರೂ ಹೇಳುತ್ತಾರೆ. ಬಾಯಾರಿಕೆಯಾಗಿ ಮೇಜಿನ ಮೇಲಿದ್ದ ಗ್ಲಾಸನ್ನು ಆತನು ಎತ್ತಿ ಕುಡಿದನು. ಅದು ನೀರಲ್ಲ, ಪ್ರಯೋಗಕ್ಕೆಂದು ಇರಿಸಿದ್ದ ಪಾದರಸದ ಉಗ್ರವಿಷ. ಗುಟುಕು ಒಳಗಿಳಿದೊಡನೆಯೇ ಆತನಿಗೆ ತಿಳಿಯಿತು. ಆದರೂ ಗಾಬರಿಯಾಗದೆ, ತಾನು ವಿಷ ಕುಡಿದುದಾಗಿ ವಿದ್ಯಾರ್ಥಿಗಳಿಗೆ ತಿಳಿಸಿ, ಹಸಿಯ ಕೋಳಿಮೊಟ್ಟೆಗಳನ್ನು ತರುವಂತೆ ಹೇಳಿದನು. ಮೊಟ್ಟೆಯ ಬಿಳಿಯು ಈ ವಿಷವನ್ನು ಹಿಡಿದುಕೊಂಡು ಕರಗದಂತೆ ಮಾಡುತ್ತದೆಂಬುದನ್ನು ಅದೇ ಕಾಲದ ವಿಷವೈದ್ಯ ಒರ್ಫಿಲಾನು ತೋರಿಸಿಕೊಟ್ಟಿದ್ದನು. ವಿದ್ಯಾರ್ಥಿಗಳು ಸುತ್ತಲಿನ ಬೀದಿಗಳಲ್ಲೆಲ್ಲ ಓಡಾಡಿ ಸಿಕ್ಕಷ್ಟು ಮೊಟ್ಟೆಗಳನ್ನು ತಂದರು. ಗುರುವಿನ ಪ್ರಾಣ ಉಳಿಯಿತು. ಗುಣಹೊಂದಿ ಮರಳಿ ತರಗತಿಗೆ ಬಂದ ದಿನ ಆತನಿಗೆ ದೊರೆತ ಸ್ವಾಗತವು ಅಪೂರ್ವವಾದುದು. ಪ್ರಯೋಗಶಾಲೆಯಲ್ಲಿ ಕುಡಿಯುವ ನೀರನ್ನು ಇಡಬಾರದೆಂಬ ನಿಯಮವನ್ನು ಶಾಲೆಯ ಮಕ್ಕಳು ಬೇಸರದಿಂದ ಕೇಳುತ್ತಾರೆ. ಇಷ್ಟು ದೊಡ್ಡ ರಸಾಯನಜ್ಞನೇ ಅಲ್ಲಿ ತಪ್ಪಿದನೆಂಬುದನ್ನು ಅವರಿಗೆ ತಿಳಿಸಿ ಹೇಳಬೇಕು.

ಮುಂದೆ ಅರಸನಿಂದ 1825ರಲ್ಲಿ ಬ್ಯಾರನ್ ಪದವಿ, ಶಾಸನಸಭೆಯ ಸದಸ್ಯತ್ವ, ಮೇಲ್ಮನೆಯ ಗೌರವ, ವಿದ್ಯಾ ಇಲಾಖೆಯ ಉನ್ನತ ಅಧಿಕಾರ ಎಲ್ಲವೂ ಬಂದವು. ಅವುಗಳನ್ನು ವಿಸ್ತರಿಸುವುದು ಅನಾವಶ್ಯಕ. ವಿಸ್ತರಿಸಬೇಕಾದುದು ಆತನು ಕೊನೆಯ ದಿನಗಳಲ್ಲಿ ಮಾಡಿದ ಒಂದು ಕೆಲಸವನ್ನು. ವಿಜ್ಞಾನಕ್ಕಾಗಿ ದುಡಿದು ಏನನ್ನೂ ಕೂಡಿಡದೆ ತೀರಿಹೋದವರ ಹೆಂಡಿರು ಮಕ್ಕಳು ದಿಕ್ಕಿಲ್ಲದೆ ನಿಲ್ಲುವುದನ್ನು ಆತನು ಎಷ್ಟೋ ಸಲ ಕಂಡಿದ್ದನು. ಅಂಥ ಕುಟುಂಬಗಳಿಗೆ ನೆರವಾಗಲೆಂದು 1857ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ವಿಜ್ಞಾನಮಿತ್ರರ ಸಹಾಯಕ ಸಂಘವನ್ನು ಸ್ಥಾಪಿಸಿದನು. ಗುರುವಿನ ಒಲೆಯ ಮುಂದೆ ಕುಳಿತಿದ್ದ ಹುಡುಗನು ಸಿರಿವಂತನಾದ ಮೇಲೂ ಆ ಒಲೆಯನ್ನು ಮರೆತಿರಲಿಲ್ಲವೆಂದು ಇದರಿಂದ ತೋರುತ್ತದೆ. ಅದೇ ವರ್ಷ ಜೂನ್ 21ರಂದು ಆತನು ಪ್ಯಾರಿಸಿನಲ್ಲಿ ದೇಹವಿಟ್ಟನು. 1861ರಲ್ಲಿ ಸಾಂಸ್ ಪಟ್ಟಣದಲ್ಲಿ ಆತನ ಪ್ರತಿಮೆಯನ್ನು ನಿಲ್ಲಿಸಿದರು. 1865ರಲ್ಲಿ ಹುಟ್ಟೂರಿನ ಹೆಸರಿಗೆ ಆತನ ಹೆಸರನ್ನು ಸೇರಿಸಿ ಲಾ ಲೂಪ್ತಿಯೇರ್-ತೆನಾರ್ ಎಂದು ಕರೆದರು. ಇಂದಿಗೂ ಅದೇ ಹೆಸರು. ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ಆತನದೂ ಒಂದು.

ಆತನು ಬಿಟ್ಟುಹೋದ ಕೆಲಸವನ್ನು ಕೈಗೆತ್ತಿಕೊಂಡವನು ಇಂಗ್ಲಂಡಿನ ಹೆನ್ರಿ ಫೆಂಟನ್. ಕೇಂಬ್ರಿಜ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1876ರಲ್ಲಿ, ಟಾರ್ಟಾರಿಕ್ ಆಮ್ಲಕ್ಕೆ ಕಬ್ಬಿಣದ ಲವಣವನ್ನೂ ಪೆರಾಕ್ಸೈಡನ್ನೂ ಸೇರಿಸಿ ಕ್ಷಾರವನ್ನು ಹಾಕಿದರೆ ಸುಂದರವಾದ ನೇರಳೆ ಬಣ್ಣ ಬರುವುದೆಂದು ಆತನು ತಿಳಿಸಿದನು. ಅದರ ವಿವರವಾದ ಲೇಖನವು 1894ರಲ್ಲಿ ಹೊರಬಂದಿತು. 1899ರಲ್ಲಿ ಗ್ಲಿಸರಿನ್ ಮೊದಲಾದ ಮದ್ಯಸಾರ ವರ್ಗದ ವಸ್ತುಗಳನ್ನು ಇದೇ ವಿಧಾನದಿಂದ ಉತ್ಕರ್ಷಿಸಿ ಆಲ್ಡಿಹೈಡುಗಳನ್ನು ಪಡೆದನು. ಮದ್ಯಸಾರದ ಅಣುವಿನಿಂದ ಎರಡು ಜಲಜನಕ ಪರಮಾಣುಗಳನ್ನು ಕಸಿದುಕೊಂಡರೆ ಆಲ್ಡಿಹೈಡ್ ಅಥವಾ ಕೀಟೋನ್ ಆಗುತ್ತದೆ. ಆಲ್ಡಿಹೈಡಿಗೆ ಇನ್ನೂ ಆಮ್ಲಜನಕ ಕೂಡಿದರೆ ಆಮ್ಲವಾಗುತ್ತದೆ. ಹುಳಿತ ರಸವು ತೆರೆದಿಟ್ಟರೆ ವಿನೆಗರ್ ಆಗುವುದೂ ಇದೇ ಮಾರ್ಗ. ಪೆರಾಕ್ಸೈಡ್ ಒಂದೇ ಆದರೆ ಮದ್ಯಸಾರದ ಮೇಲೆ ಬಹಳ ಮಂದವಾಗಿ ವರ್ತಿಸುತ್ತದೆ. ಕಬ್ಬಿಣವು ಅದನ್ನು ಸೀಳಿ ಅತ್ಯಂತ ಉಗ್ರವಾದ ತುಣುಕೊಂದನ್ನು ಹುಟ್ಟಿಸುತ್ತದೆಂದು ಹಾಬರ್ ಮತ್ತು ವೈಸ್ 1934ರಲ್ಲಿ ವಿವರಿಸಿದರು.

ಇಲ್ಲಿ ಒಂದು ತೊಡಕುಂಟು, ಅದನ್ನು ಮೊದಲು ಕಂಡವನೂ ತೆನಾರ್‌ನೇ. ಬೆಳ್ಳಿ, ಮ್ಯಾಂಗನೀಸುಗಳು ಪೆರಾಕ್ಸೈಡನ್ನು ಸುಮ್ಮನೆ ಒಡೆದು ಆಮ್ಲಜನಕವನ್ನು ಗಾಳಿಗೆ ತೂರುತ್ತವೆ. ಮದ್ಯಸಾರಕ್ಕೆ ಅದು ದಕ್ಕುವುದಿಲ್ಲ. ಕಬ್ಬಿಣದಿಂದ ಹುಟ್ಟಿದ ತುಣುಕು ಎದುರಿಗೆ ಬಂದುದನ್ನೆಲ್ಲ ಕಡಿಯುತ್ತದೆ. ಪೆರಾಕ್ಸೈಡಿನ ಆಮ್ಲಜನಕವನ್ನು ಪೋಲುಮಾಡದೆ, ಹದತಪ್ಪದೆ ಮದ್ಯಸಾರಕ್ಕೆ ಒಯ್ದು ಮುಟ್ಟಿಸುವ ಲೋಹ ಯಾವುದೆಂಬುದೇ ಪ್ರಶ್ನೆ. ಜಪಾನಿನ ನೊಯೋರಿ ಮತ್ತು ಆತನ ಸಂಗಡಿಗರು 1997ರಲ್ಲಿ ಟಂಗ್‌ಸ್ಟನ್ ಲೋಹದ ಲವಣವನ್ನು ಬಳಸಿ, ಬೇರಾವ ದ್ರಾವಕವೂ ಇಲ್ಲದೆ ಇದನ್ನು ಸಾಧಿಸಿ ತೋರಿಸಿದರು. ಟಂಗ್‌ಸ್ಟನ್ ಪೆರಾಕ್ಸೈಡಿನ ಆಮ್ಲಜನಕವನ್ನು ಮೊದಲು ತನ್ನ ಮೇಲೆ ಹೊತ್ತುಕೊಂಡು, ಅನಂತರ ಮದ್ಯಸಾರಕ್ಕೆ ವರ್ಗಾಯಿಸುತ್ತದೆ. ಈ ಕೆಲಸಕ್ಕೆ ಬಹುಕಾಲದಿಂದ ಬಳಸುತ್ತಿದ್ದ ಕ್ರೋಮಿಯಂ ಲವಣಗಳು ವಿಷಕಾರಿ. ಅವುಗಳ ಗಸಿಯನ್ನು ಎಲ್ಲಿ ಚೆಲ್ಲಿದರೂ ನೆಲಜಲಗಳು ಕೆಡುತ್ತವೆ. ಪೆರಾಕ್ಸೈಡಿನಲ್ಲಾದರೆ 34 ಗ್ರಾಮಿಗೆ 16 ಗ್ರಾಂ ಆಮ್ಲಜನಕ ಉಪಯೋಗಕ್ಕೆ ಬರುತ್ತದೆ. ಉಳಿದ 18 ಗ್ರಾಂ ಬರಿಯ ನೀರು.

ಮೊರಬದಿಂದ ಕಾಲೇಜು ಶಿಕ್ಷಣಕ್ಕೆಂದು ಧಾರವಾಡಕ್ಕೆ ಹೋಗುವ ವಿಜ್ಞಾನ ವಿದ್ಯಾರ್ಥಿಗಳು ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗವನ್ನು ಕಾಣುವರು. ಆಸ್ಮಿಯಂ, ರುಥೇನಿಯಂ ಮುಂತಾದ ಲೋಹಗಳು ವೇಗವರ್ಧಕಗಳಾಗಿದ್ದಾಗ ಉತ್ಕರ್ಷಣವು ಎಷ್ಟು ವೇಗದಿಂದ, ಯಾವ ಯಾವ ಹಂತಗಳಲ್ಲಿ ನಡೆಯುತ್ತದೆಂಬುದನ್ನು ಅಲ್ಲಿ ಹಲವು ದಶಕಗಳ ಕಾಲ ಅಳೆದು ನೋಡಿದ್ದಾರೆ. ತೆನಾರ್‌ನು ಬೆಳ್ಳಿಯನ್ನು ಹಾಕುವ ಮುನ್ನವೂ ಹಾಕಿದ ಮೇಲೂ ತೂಗಿ ನೋಡಿದ ಪ್ರಶ್ನೆಯೇ ಅಲ್ಲಿಯೂ ಮೊದಲನೆಯ ಪ್ರಶ್ನೆ.